ತೋಟದಲ್ಲಿ ನೂಲು ಸುತ್ತಿದ ಉಂಡೆ ಕಂಡಿದೆ, ಮುಟ್ಟಿಲ್ಲ. ಈಗ ಎಂತ ಮಾಡುವುದು?

ತೋಟದಮನೆ, ಪೆರ್ಲ ಹತ್ತಿರ · ಬೆಳಿಗ್ಗೆ 7:12

ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಪಂಪು ಹಾಕಲು ತೋಟಕ್ಕೆ ಇಳಿದಿದ್ದೆ. ನಮ್ಮ ನಾಯಿ ಕರಿಯ ಮುಂದೆ ಓಡಿತು. ತೋಡಿನ ಬದಿಯ ಕಟ್ಟಪುಣಿಯಲ್ಲಿ, ಅಂದರೆ ಮಣ್ಣಿನ ಏರಿಯಲ್ಲಿ, ನಿಂತು ಎಂತದೋ ಮೂಸಲು ಶುರು ಮಾಡಿತು. ಸತ್ತ ಏಡಿ ಇರಬೇಕು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ. ಬಿಳಿ ನೂಲನ್ನು ಬಿಗಿಯಾಗಿ ಸುತ್ತಿದ್ದಾರೆ. ಮೇಲೆ ಎಣ್ಣೆ ಜಿಡ್ಡು, ಒಣಮೀನಿನ ವಾಸನೆ. ಅದರ ಸುತ್ತ ಇರುವೆ ಸಾಲು.

ಕರಿಯನ ಪಟ್ಟಿ ಹಿಡಿದು ಎಳೆದುಕೊಂಡು ಬಂದು ಹಟ್ಟಿಯ ಕಂಬಕ್ಕೆ ಕಟ್ಟಿದ್ದೇನೆ. ಇವರು ನಿನ್ನೆ ಮಂಗಳೂರಿಗೆ ಹೋಗಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಎರಡು ದನ. ಎಂಟು ಗಂಟೆಗೆ ಅಡಿಕೆ ಹೆಕ್ಕಲು ಆಳುಗಳು ಬರುತ್ತಾರೆ. ಇದು ಕಾಡುಹಂದಿ ಕಚ್ಚಿ ಸಾಯಲಿ ಅಂತ ಇಡುವ ಸಿಡಿಮದ್ದಾ? ಯಾರಿಗಾದರೂ ಗೊತ್ತುಂಟಾ?

ಕೋರೆ ಅಣ್ಣ · 7:15

ತಂಗೀ, ಇದನ್ನು ಓದುವುದು ಬಿಟ್ಟು ಮೊದಲು 112ಕ್ಕೆ ಫೋನ್ ಮಾಡಿ. ಮನೆಯೊಳಗೆ ಹೋಗಿ ಮಾಡಿ, ತೋಟದಲ್ಲಿ ನಿಂತು ಬೇಡ. ಎರಡನೇ ಫೋನ್ ಆಳುಗಳಿಗೆ, ಇವತ್ತು ಬರಬೇಡಿ ಅಂತ. ಇನ್ನೊಂದು ಸಲ ನೋಡಿ ಬರುತ್ತೇನೆ ಅಂತ ಮಾತ್ರ ಕೆಳಗೆ ಇಳಿಯಬೇಡಿ. ನೋಡಿದ್ದು ಸಾಕು.

ಉಪ್ಪಳದ ಹುಡುಗ · 7:17

ಅಕ್ಕಾ ಒಂದು ಫೋಟೋ ಹಾಕಿದ್ರೆ ಹೇಳಬಹುದಿತ್ತು. ಝೂಮ್ ಮಾಡಿ ತೆಗೆಯಿರಿ. ಪನ್ನಿ ಪಡಕ, ಅಂದ್ರೆ ಹಂದಿ ಪಟಾಕಿ, ಆದ್ರೆ ಒಂದು ಬಕೆಟ್ ನೀರು ಹಾಕಿದ್ರೆ ಮುಗೀತು, ಮದ್ದು ಒದ್ದೆ ಆದ್ರೆ ಸಿಡಿಯುವುದಿಲ್ಲ.

ಕೋರೆ ಅಣ್ಣ · 7:21

ಮಾರಾಯ, ನೀನು ಹೇಳಿದ ಎರಡೂ ತಪ್ಪು. ಫೋಟೋ ತೆಗೆಯಲು ಅವರು ವಾಪಸ್ ಅಲ್ಲಿಗೇ ಹೋಗಬೇಕು. ನೀರು ಹಾಕಲು ಇನ್ನೂ ಹತ್ತಿರ ಹೋಗಬೇಕು. ಬಕೆಟ್ಟಿನಿಂದ ಬೀಳುವ ನೀರಿಗೂ ಒಂದು ಪೆಟ್ಟು ಉಂಟು. ಅದರೊಳಗೆ ಎಂತ ಮದ್ದು ಹಾಕಿದ್ದಾರೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಲವು ಮದ್ದಿಗೆ ನೀರು ಲೆಕ್ಕವೇ ಅಲ್ಲ. ಮಳೆಗೆ ನೆನೆದದ್ದು ಬಿಸಿಲಿಗೆ ಒಣಗಿ ಪುನಃ ಎಚ್ಚರ ಆಗುವುದೂ ಉಂಟು.

ನಾನು ಕಗ್ಗಲ್ಲು ಕೋರೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದ್ದವ. ಗುಂಡಿಗೆ ಮದ್ದು ತುಂಬಿ ಬೆಂಕಿ ಕೊಟ್ಟ ಮೇಲೆ ಒಂದು ಸಿಡಿಯಲಿಲ್ಲ ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಅರ್ಧ ಗಂಟೆ ಯಾರೂ ಕದಲುವ ಹಾಗಿರಲಿಲ್ಲ. ಆಮೇಲೂ ಲೈಸನ್ಸ್ ಇದ್ದವ ಒಬ್ಬನೇ ಹೋಗಿ ನೋಡುತ್ತಿದ್ದ. ಅವನೇ ತನ್ನ ಕೈಯಾರೆ ತುಂಬಿದ ಮದ್ದು ಅದು! ಆದರೂ ಹಾಗೆ. ಹಾಗಿರುವಾಗ ಯಾರೋ ಕತ್ತಲಲ್ಲಿ ಇಟ್ಟುಹೋದದ್ದಕ್ಕೆ ನಾವು ಬಕೆಟ್ ಹಿಡಿದು ಹೋಗುವುದಾ?

ಉಪ್ಪಳದ ಹುಡುಗ · 7:23

ಸರಿ ಅಣ್ಣ, ತಪ್ಪಾಯ್ತು. ದೀಪಾವಳಿ ಪಟಾಕಿ ಪೆಟ್ಟಿಗೆಯಲ್ಲಿ ನೀರಿಗೆ ಹಾಕಿ ಅಂತ ಇರ್ತದಲ್ಲಾ, ಅದನ್ನು ನೆನೆಸಿಕೊಂಡು ಹೇಳಿದೆ.

ಕೋರೆ ಅಣ್ಣ · 7:26

ಅದು ಬೇರೆ. ಅಂಗಡಿಯಿಂದ ತಂದ ಸಣ್ಣ ಪಟಾಕಿ, ನೀನೇ ಹಚ್ಚಿದ್ದು, ಠುಸ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ನೀರಿಗೆ ಹಾಕು, ಸರಿ. ಗೊತ್ತಿಲ್ಲದ ವಸ್ತುವಿಗೆ ಆ ಲೆಕ್ಕ ಇಲ್ಲ.

ತೋಟದಮನೆ · 7:38

ಫೋನ್ ಮಾಡಿದೆ. ಅದೇ ಒಂದು ಕಥೆ. ನಮ್ಮ ಮನೆಯಲ್ಲಿ ಅರ್ಧ ದಿನ ಕರ್ನಾಟಕದ ಟವರ್ ಸಿಗುವುದು. 112 ಒತ್ತಿದ್ದು ಅತ್ತ ಹೋಯಿತು. ಅವರು ಯಾವ ತಾಲೂಕು ಅಂತ ಕೇಳಿದರು. ಮಂಜೇಶ್ವರ ತಾಲೂಕು ಅಂದೆ. ಅದು ಕೇರಳ ಅಲ್ವಾ ಮೇಡಂ ಅಂದರು. ಒಳ್ಳೆಯ ಮನುಷ್ಯ, ವಿವರ ಬರೆದುಕೊಂಡು, ನಾವು ಅತ್ತ ತಿಳಿಸುತ್ತೇವೆ, ನೀವೂ ನಿಮ್ಮ ಸ್ಟೇಷನ್ನಿಗೆ ನೇರ ಮಾಡಿ ಅಂದರು. ಸ್ಟೇಷನ್ನಿನ ನಂಬರು ಹುಡುಕಲು ಐದು ನಿಮಿಷ ಹೋಯಿತು. ವಾರ್ಡ್ ಮೆಂಬರ್ರಿಗೆ ಫೋನ್ ಮಾಡಿ ತೆಗೆದುಕೊಂಡೆ.

ಗಡಿಯಲ್ಲಿ ಇರುವವರು ಇವತ್ತೇ ನಿಮ್ಮ ಸ್ಟೇಷನ್ನಿನ ನಂಬರು ಫೋನಿಗೆ ಹಾಕಿ ಇಟ್ಟುಕೊಳ್ಳಿ. ನಮ್ಮ ಹಾಗೆ ಪರದಾಡಬೇಡಿ.

ನನಗೆ ಮಲಯಾಳ ಬರುವುದು ಸಂತೆಗೆ ಸಾಕಾಗುವಷ್ಟು. ಆದರೂ ಹೇಳಿದೆ, "ಪಡಕ್ಕಂ ಪೋಲತ್ತೆ ಒರು ಸಾಧನಂ ಕಂಡು, ತೊಟ್ಟಿಟ್ಟಿಲ್ಲ." ಪಟಾಕಿಯ ಹಾಗಿನ ಒಂದು ವಸ್ತು ಕಂಡಿದೆ, ಮುಟ್ಟಿಲ್ಲ ಅಂತ. ಆ ಕಡೆಯವರು ಕನ್ನಡದಲ್ಲೇ ಉತ್ತರ ಕೊಟ್ಟರು! ಎಷ್ಟು ದೊಡ್ಡದು, ಯಾವಾಗ ಕಂಡದ್ದು, ಯಾರಾದರೂ ಮುಟ್ಟಿದ್ದಾರಾ, ಮನೆಯಿಂದ ಎಷ್ಟು ದೂರ, ಹತ್ತಿರ ಎಷ್ಟು ಜನ, ಇಷ್ಟು ಕೇಳಿದರು. ದಾರಿ ಹೇಳಲು ಮನೆ ಮುಂದಿನ ಕರೆಂಟ್ ಕಂಬದ ನಂಬರು ಕೊಟ್ಟೆ. ನಮ್ಮ ಮನೆಗೆ ಗೂಗಲ್ ಮ್ಯಾಪ್ ನಂಬಿದರೆ ತೋಡಿಗೆ ಬೀಳುತ್ತಾರೆ.

ನೀರ್ಚಾಲು ಮಾಷ್ಟ್ರು · 7:49

ಒಳ್ಳೆಯ ಕೆಲಸ ಮಾಡಿದಿರಿ ಅಕ್ಕ. ದೂರದ ಬಗ್ಗೆ ಒಂದು ಮಾತು. ಬ್ರಿಟನ್ನಿನ ಪೊಲೀಸರು ಜನರಿಗೆ ಒಂದು ಲೆಕ್ಕ ಹೇಳಿಕೊಡುತ್ತಾರೆ. ಕೈಚೀಲದಷ್ಟು ಸಣ್ಣ ವಸ್ತುವಾದರೆ ಕನಿಷ್ಠ 100 ಮೀಟರ್ ದೂರ. ದೊಡ್ಡ ಪೆಟ್ಟಿಗೆ ಅಥವಾ ಕಾರು ಆದರೆ 200. ಲಾರಿಯಂಥ ದೊಡ್ಡ ಗಾಡಿ ಆದರೆ 400. ಅದರಿಂದ 15 ಮೀಟರಿನೊಳಗೆ ಮೊಬೈಲು, ವಯರ್‌ಲೆಸ್ ಬಳಸಬಾರದು ಅಂತಲೂ ಹೇಳುತ್ತಾರೆ.

100 ಮೀಟರ್ ಅಂದರೆ ಎಷ್ಟು ಅಂತ ನಮಗೆ ಅಂದಾಜು ಸಿಗುವುದಿಲ್ಲ. ನಿಮ್ಮ ತೋಟ 9 ಅಡಿ ಅಂತರದಲ್ಲಿ ನೆಟ್ಟದ್ದಾದರೆ ಒಂದು ಸಾಲಿನಲ್ಲಿ 37 ಅಡಿಕೆ ಮರ ಎಣಿಸಿ. ಅಷ್ಟು. ಮನೆ ಅದಕ್ಕಿಂತ ಹತ್ತಿರ ಉಂಟಾ?

ಇನ್ನೊಂದು, ಬರೇ ದೂರ ಸಾಲದು. ಆ ಜಾಗ ನಿಮಗೆ ಕಾಣಬಾರದು. ನಡುವೆ ಗುಡ್ಡೆ, ಕೆಂಪುಕಲ್ಲಿನ ಗೋಡೆ, ದಪ್ಪ ಎಂತದಾದರೂ ಇರಬೇಕು. ಚೂರುಗಳು ನೇರಕ್ಕೆ ಹಾರುತ್ತವೆ. ಕಿಟಕಿ ಗಾಜಿನ ಹಿಂದೆ ನಿಂತು ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಜೇ ಮೊದಲು ಮುಖಕ್ಕೆ ಬರುವುದು.

ತೋಟದಮನೆ · 8:02

ಎಣಿಸಿದೆ ಮಾಷ್ಟ್ರೇ, ಅಂಗಳದಿಂದಲೇ. ಸುಮಾರು 30 ಮರ. ಆಳುಗಳನ್ನು ರಸ್ತೆಯಲ್ಲೇ ನಿಲ್ಲಿಸಿದ್ದೇನೆ. ತೋಟಕ್ಕೆ ಇಳಿಯುವ ಮೆಟ್ಟಿಲ ಮೇಲೆಯೇ ಒಂದು ಹಗ್ಗ ಕಟ್ಟಿ ಅದಕ್ಕೆ ಅಡಿಕೆ ಹಾಳೆ ತೂಗು ಹಾಕಿದೆ. ಗೊತ್ತಿಲ್ಲದವರು ಬಂದರೆ ಒಮ್ಮೆ ನಿಂತು ಕೇಳಲಿ ಅಂತ. ನಾವು ಮೇಲಿನ ಮನೆಗೆ ಹೋಗುತ್ತೇವೆ, ನಡುವೆ ಗುಡ್ಡೆ ಉಂಟು. ಅತ್ತೆಯನ್ನು ಹೊರಡಿಸುವುದೇ ಕಷ್ಟ. ದನಕ್ಕೆ ಹುಲ್ಲು ಯಾರು ಹಾಕುವುದು ಅಂತ ಕೂತಿದ್ದಾರೆ. ದನಗಳನ್ನೂ ಹಿಡಿದುಕೊಂಡು ಹೋಗುವುದು ಅಂತ ಆಯಿತು. ಕರಿಯ ಸಂಕೋಲೆ ಎಳೆಯುತ್ತಾ ಉಂಟು, ಅದಕ್ಕೆ ಒಣಮೀನೇ ಧ್ಯಾನ.

ಹಟ್ಟಿಮನೆ, ಎಣ್ಮಕಜೆ · 8:25

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯದೆ ಆಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ದನ ಗೌರಿ, ಎರಡನೇ ಕರುವಿನದ್ದು, ಗುಡ್ಡೆಯಲ್ಲಿ ಮೇಯುವಾಗ ಇಂಥದ್ದನ್ನೇ ಕಚ್ಚಿತು. ಸದ್ದು ಕೇಳಿ ಯಾರೋ ತೆಂಗಿನ ಮರದಿಂದ ಬಿದ್ದರು ಅಂತ ಓಡಿದೆ. ದನ ನಿಂತೇ ಇತ್ತು. ಕೆಳದವಡೆ ಇರಲಿಲ್ಲ. ನಾಲಗೆ ಅರ್ಧ ನೇತಾಡುತ್ತಿತ್ತು. ನನ್ನನ್ನು ನೋಡಿ ಹತ್ತಿರ ಬಂತು. ಯಾವತ್ತೂ ಬರುವ ಹಾಗೆಯೇ, ಬೆಲ್ಲ ಕೊಡುತ್ತೇನೆ ಅಂತ. ಡಾಕ್ಟರು ಬಂದರು, ಸೂಜಿ ಕೊಟ್ಟರು. ನೀರು ಸಹ ಕುಡಿಯಲು ಆಗಲಿಲ್ಲ. ಮೂರನೇ ದಿನ ಹೋಯಿತು. ಕರುವಿಗೆ ಬಾಟಲಿ ಹಾಲು ಹಾಕಿದ್ದು ನನ್ನ ಮಗಳು.

ಇನ್ಶೂರೆನ್ಸಿಗೆ ಪೊಲೀಸ್ ದೂರಿನ ಪ್ರತಿ ಬೇಕು ಅಂದರು. ನಾನು ದೂರು ಕೊಟ್ಟಿರಲಿಲ್ಲ. ಯಾರು ಇಟ್ಟದ್ದು ಅಂತ ಇಡೀ ಬೈಲಿಗೆ ಗೊತ್ತಿತ್ತು. ಮದುವೆ ಮುಂಜಿಗೆ ಹೋಗಿ ಬರುವವರು, ಹೇಗೆ ಹೇಳುವುದು?

ಹೇಳಬೇಕಾದದ್ದು ಅದಲ್ಲ. ಅದಕ್ಕೆ ಹದಿನೈದು ದಿನ ಮೊದಲು ಅದೇ ಗುಡ್ಡೆಯಲ್ಲಿ ನಾನು ಒಂದು ಉಂಡೆ ನೋಡಿದ್ದೆ. ಕೋಲಿನಲ್ಲಿ ದೂಡಿ ಪೊದೆಗೆ ಹಾಕಿ ಬಂದಿದ್ದೆ. ಮನೆಯಲ್ಲಿ ಸಹ ಹೇಳಿರಲಿಲ್ಲ.

ಕೋರೆ ಅಣ್ಣ · 8:41

ಕೋಲಿನಲ್ಲಿ ದೂಡಿಯೂ ನೀವು ಉಳಿದದ್ದು ದೊಡ್ಡದು ಅಣ್ಣ. ಪೆಟ್ಟಿಗೆ, ಒತ್ತಿಗೆ ಸಿಡಿಯಲಿ ಅಂತಲೇ ಮಾಡಿದ ವಸ್ತು ಅದು. ಕೋಲು, ಕಲ್ಲು, ಕಾಲು, ಅದಕ್ಕೆ ಎಲ್ಲಾ ಒಂದೇ. ಒಳಗೆ ಎಂತ ಇರುತ್ತದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಯಾರೂ ಕೇಳಬೇಡಿ.

ಹಳೆಯದ್ದು ಸತ್ತಿರುತ್ತದೆ ಅನ್ನುವ ನಂಬಿಕೆ ನಮ್ಮ ಕೋರೆಗಳಲ್ಲೂ ಉಂಟು. ಬಂಡೆ ಒಡೆಯುವ ಜೆಲಾಟಿನ್ ಕಡ್ಡಿ ಹಳತಾದರೆ ಕೆಲವು ಬೆವರುತ್ತವೆ. ಬೆವರಿದ್ದು ಹೊಸತಕ್ಕಿಂತ ಅಪಾಯ. ಮದ್ದನ್ನು ಸಿಡಿಸುವ ಡಿಟೊನೇಟರ್ ಅಂತೂ ಬೆರಳುದ್ದದ ಕೊಳವೆ, ಮಕ್ಕಳಿಗೆ ಪೆನ್ನಿನ ಮುಚ್ಚಳದ ಹಾಗೆ ಕಾಣುತ್ತದೆ. ಬಿಸಿ, ತಿಕ್ಕಾಟ, ಬ್ಯಾಟರಿಯ ಸಣ್ಣ ಕರೆಂಟು, ಎಂತದೂ ಸಾಕು. ಬಾವಿ ತೋಡುವಾಗ ಉಳಿದದ್ದನ್ನು ಅಟ್ಟದ ಮೇಲೆ ಇಟ್ಟ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಆದದ್ದು ನೆನಪುಂಟಲ್ಲಾ? ಕೋರೆಗೆ ಪೊಲೀಸ್ ದಾಳಿ ಆದ ಮೇಲೆ ಬಚ್ಚಿಟ್ಟ ಜೆಲಾಟಿನ್ ಕಡ್ಡಿಗಳನ್ನು ರಾತ್ರಿ ಸಾಗಿಸಿ ಬಿಸಾಡಲು ಹೋದರು. ಆರು ಜನ ಸತ್ತರು. ಮದ್ದಿನ ನಡುವೆಯೇ ದಿನ ಕಳೆದವರು ಅವರು. ಸುಮ್ನೆ ಎಲ್ಲಿಗಾದರೂ ಬಿಸಾಡಿ ಬಾ ಅನ್ನುವುದು ಎಷ್ಟು ಸುಲಭದ ಮಾತು ನೋಡಿ.

ಕುಂಬಳೆಯವ · 9:04

ನಮ್ಮ ಕುಂಬಳೆ ಬೆಡಿ, ಅಂದರೆ ಜಾತ್ರೆಯ ಸಿಡಿಮದ್ದು ಪ್ರದರ್ಶನ, ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಜನವರಿಯಲ್ಲಿ ಜಾತ್ರೆ. ಆಕಾಶಕ್ಕೆ ಹೋಗುವ ಗರ್ನಾಲ್ ಲೆಕ್ಕ ಮಾಡುವುದೇ ನಮ್ಮ ಬಾಲ್ಯ. ಅದರಿಂದ ದೊಡ್ಡ ಖುಷಿ ಮರುದಿನ ಬೆಳಿಗ್ಗೆ. ಕತ್ತಲಿರುವಾಗಲೇ ಗದ್ದೆಗೆ ಹೋಗಿ ಸಿಡಿಯದೆ ಬಿದ್ದದ್ದನ್ನು ಹೆಕ್ಕುವುದು. ಯಾರಿಗೆ ಜಾಸ್ತಿ ಸಿಕ್ಕಿತು ಅಂತ ಸ್ಪರ್ಧೆ. ಏಳನೇ ಕ್ಲಾಸಿನಲ್ಲಿ ಒಂದನ್ನು ಬಿಡಿಸಿ ಒಳಗಿನ ಮದ್ದು ಕಾಗದಕ್ಕೆ ಸುರಿಯುತ್ತಿದ್ದೆ. ಬಲಗೈಯ ಎರಡು ಬೆರಳಿನ ತುದಿ ಇವತ್ತಿಗೂ ಇಲ್ಲ. ಬ್ಯಾಂಕಿನಲ್ಲಿ ಹೆಬ್ಬೆರಳು ಇಡಿ ಅಂದರೆ ಮಾತ್ರ ಸಲೀಸು, ಅದು ಪೂರ್ತಿ ಉಂಟು.

ನಮ್ಮ ಜಿಲ್ಲೆಯಲ್ಲೇ 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದ ತೆಯ್ಯಂ ಸಮಯದಲ್ಲಿ ಪಟಾಕಿ ದಾಸ್ತಾನಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಸುಟ್ಟುಕೊಂಡರಲ್ಲಾ. ಪರವಾನಗಿ, ದೂರ, ದಾಸ್ತಾನು ಅಂತ ಆಮೇಲೆ ಚರ್ಚೆ ಜೋರಾಯಿತು. ಆದರೆ ಮರುದಿನ ಗದ್ದೆ ಗುಡಿಸುವ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಡಿ ಕೊಟ್ಟ ತಂಡದವರೇ ಬೆಳಕಾದ ಮೇಲೆ ಗದ್ದೆ ಪೂರ್ತಿ ನೋಡಿ ಹೆಕ್ಕಿ ಹೋಗಬೇಕು, ಅಲ್ಲಿವರೆಗೆ ಮಕ್ಕಳನ್ನು ಬಿಡಬಾರದು. ಜಾತ್ರೆ ಸಮಿತಿಯಲ್ಲಿ ಇದ್ದವರು ಯಾರಾದರೂ ಓದುತ್ತಿದ್ದರೆ ಇದನ್ನು ಒಪ್ಪಂದದಲ್ಲೇ ಬರೆಯಿಸಿ.

ನರ್ಸಕ್ಕ · 9:33

ಮಂಗಳೂರಿನಲ್ಲಿ ತುರ್ತು ವಿಭಾಗದಲ್ಲಿದ್ದೇನೆ, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಿಡಿದ ಮೇಲೆ ಎಂತ ಮಾಡಬೇಕು ಅಂತ ಯಾರೂ ಬರೆಯಲಿಲ್ಲ.

ಸದ್ದು ಕೇಳಿದ ಕೂಡಲೇ ಓಡಿ ಹೋಗಬೇಡಿ. ಒಂದು ಇದ್ದಲ್ಲಿ ಎರಡನೆಯದ್ದೂ ಇರಬಹುದು. ಗಾಯವಾದವರು ಮಾತಾಡುತ್ತಿದ್ದರೆ, ನಡೆಯಲು ಆಗುತ್ತಿದ್ದರೆ, ಅವರೇ ಹೋದ ದಾರಿಯಲ್ಲೇ ಹಿಂದಕ್ಕೆ ಬರಲಿ.

ರಕ್ತ ಜೋರು ಹೋಗುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ಬಟ್ಟೆ ಎತ್ತಿ ನೋಡಬೇಡಿ. ಹೊಕ್ಕ ಚೂರು, ಕಡ್ಡಿ ಇದ್ದರೆ ಕೀಳಬೇಡಿ, ಅದರ ಎರಡೂ ಬದಿ ಒತ್ತಿ. ಸುಟ್ಟಲ್ಲಿಗೆ ಹರಿಯುವ ನೀರು, 20 ನಿಮಿಷ. ಅರಸಿನ, ಪೇಸ್ಟು, ಕಾಫಿ ಪುಡಿ, ಶಾಯಿ ಬೇಡ. ಶಾಯಿ ಹಾಕಿ ಬಂದವರನ್ನು ನಾನು ನೋಡಿದ್ದೇನೆ, ತೊಳೆಯುವುದೇ ನಮಗೆ ಒಂದು ಗಂಟೆ. ಬೆರಳು ತುಂಡಾಗಿದ್ದರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕಟ್ಟಿ, ಆ ತೊಟ್ಟೆಯನ್ನು ಐಸಿನ ಮೇಲೆ ಇಡಿ. ಬೆರಳನ್ನು ನೇರ ಐಸಿಗೆ ಹಾಕಬೇಡಿ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ಹೊರಗೆ ಗಾಯ ಇಲ್ಲದಿದ್ದರೂ ಸಿಡಿತದ ಒತ್ತಡಕ್ಕೆ ಕಿವಿ ತಮಟೆ, ಶ್ವಾಸಕೋಶ, ಕರುಳು ಪೆಟ್ಟಾಗಬಹುದು. ಕಿವಿ ಗುಂಯ್ ಅನ್ನುತ್ತದೆ, ಉಸಿರು ಕಟ್ಟುತ್ತದೆ, ಹೊಟ್ಟೆ ನೋವು ಅಂದರೆ ಮನೆಯಲ್ಲಿ ಮಲಗಿಸಬೇಡಿ. 108ಕ್ಕೆ ಮಾಡಿ.

ನೀರ್ಚಾಲು ಮಾಷ್ಟ್ರು · 10:10

ಹಂದಿ ಮದ್ದಿನ ಮಾತೇ ಆಯಿತು. ಸ್ಟೀಲ್ ಡಬ್ಬಿಯೊಳಗೆ ಬಾಂಬ್ ಮಾಡಿ ಇಡುವುದರ ಬಗ್ಗೆಯೂ ಹೇಳಬೇಕು. ಪಕ್ಕದ ಕಣ್ಣೂರಿನ ಕಥೆ, ಆದರೆ ಗುಜರಿಗೆ ಗಡಿ ಇಲ್ಲ. 2022ರ ಜುಲೈಯಲ್ಲಿ ಮಟ್ಟನ್ನೂರಿನಲ್ಲಿ ಗುಜರಿ ಹೆಕ್ಕಿ ಬದುಕುತ್ತಿದ್ದ ಅಸ್ಸಾಮಿನ ತಂದೆ ಮಗ, ಸಿಕ್ಕಿದ ಸ್ಟೀಲ್ ಡಬ್ಬಿ ತೆರೆಯಲು ಹೋಗಿ ಇಬ್ಬರೂ ತೀರಿಕೊಂಡರು. 2024ರ ಜೂನಿನಲ್ಲಿ ತಲಶ್ಶೇರಿ ಹತ್ತಿರ 86 ವರ್ಷದ ಅಜ್ಜ ಪಕ್ಕದ ಖಾಲಿ ಜಾಗಕ್ಕೆ ತೆಂಗಿನಕಾಯಿ ಹೆಕ್ಕಲು ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಡಬ್ಬಿ. ರಾಜಕೀಯ ಜಗಳಕ್ಕೆ ಯಾರೋ ಎಂದೋ ಬಚ್ಚಿಟ್ಟದ್ದಕ್ಕೆ ಬಲಿಯಾಗುವುದು ಇಂಥವರು.

ನಮ್ಮಲ್ಲಿ ಪೊದೆ ಕಡಿಯುವ ತೊಳಿಲುರಪ್ಪಿನ (ಉದ್ಯೋಗ ಖಾತ್ರಿಯ) ಹೆಂಗಸರು, ಮನೆ ಮನೆ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು, ಗುಜರಿಯ ಹುಡುಗರು, ಇವರಿಗೇ ಇಂಥದ್ದು ಮೊದಲು ಕಣ್ಣಿಗೆ ಬೀಳುವುದು. ಕತ್ತಿ ಬೀಸುವ ಮೊದಲು ಪೊದೆಯೊಳಗೆ ಒಮ್ಮೆ ನೋಡಬೇಕು, ಹೊಳೆಯುವ ಮುಚ್ಚಿದ ಪಾತ್ರೆ ಕಂಡರೆ ಹೆಕ್ಕಬಾರದು ಅಂತ ಅವರಿಗೆ ಹೇಳಿಕೊಡುವವರು ಯಾರು? ನಮ್ಮ ಪಂಚಾಯತಿನಲ್ಲಿ ನಾನೇ ಕೇಳಿದೆ. ಕೈಗವಸು ಕೊಟ್ಟಿದ್ದೇವಲ್ಲಾ ಮಾಷ್ಟ್ರೇ ಅಂದರು.

ಉಪ್ಪಳದ ಹುಡುಗ · 10:42

ಹೋದ ತಿಂಗಳು ಒಂದು ಬಸ್ ಸ್ಟ್ಯಾಂಡಿನಲ್ಲಿ ವಾರಸುದಾರರಿಲ್ಲದ ಬ್ಯಾಗ್. ಬಾಂಬ್ ಅಂತ ಯಾರೋ ಕೂಗಿದರು. ಜನ ಓಡಬೇಕಲ್ವಾ? ಸುತ್ತ ನಿಂತು ಮೊಬೈಲ್ ಎತ್ತಿದರು. ಅವರಲ್ಲಿ ನಾನೂ ಒಬ್ಬ, ಸುಳ್ಳು ಹೇಳುವುದಿಲ್ಲ. ಲೈವ್ ಬಿಟ್ಟಿದ್ದೆ. ಕೊನೆಗೆ ಒಬ್ಬರು ಅಜ್ಜಿ ಶೌಚಾಲಯದಿಂದ ಬಂದು, ನನ್ನ ಬ್ಯಾಗಿಗೆ ಎಂತ ಆಯಿತು ಅಂದರು. ಒಳಗೆ ಸೀರೆ, ಹಪ್ಪಳ.

ನೀರ್ಚಾಲು ಮಾಷ್ಟ್ರು · 11:05

ಮರೆತ ಬ್ಯಾಗು, ಸಂಶಯದ ಬ್ಯಾಗು, ಎರಡನ್ನು ಬೇರೆ ಮಾಡಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಬೇಕೆಂದೇ ಮರೆಯಲ್ಲಿ ಇಟ್ಟಿದ್ದಾರಾ? ವಯರು, ಟೇಪು, ಬ್ಯಾಟರಿ, ವಿಚಿತ್ರ ವಾಸನೆ, ಹೀಗೆ ಎದ್ದು ಕಾಣುವ ಅನುಮಾನ ಉಂಟಾ? ಆ ಜಾಗದಲ್ಲಿ ಸಾಮಾನ್ಯವಾಗಿ ಇರುವ ವಸ್ತುವಾ? ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸೀರೆ ಅಂಗಡಿಯ ಚೀಲ ಇರುವುದು ಸಹಜ. ಟ್ರಾನ್ಸ್‌ಫಾರ್ಮರ್ ಹಿಂದೆ ಟೇಪು ಸುತ್ತಿದ ಪೆಟ್ಟಿಗೆ ಸಹಜ ಅಲ್ಲ. ಮೊದಲು ಸುತ್ತ ಇದ್ದವರನ್ನು ಕೇಳಿ, ಇದು ಯಾರದ್ದು ಅಂತ. ಕೇಳುವುದು ಬಾಯಲ್ಲಿ, ಬ್ಯಾಗ್ ಎತ್ತಿ ತೋರಿಸಿ ಅಲ್ಲ. ಉತ್ತರ ಸಿಗದಿದ್ದರೆ ದೂರ ಹೋಗಿ ಪೊಲೀಸರಿಗೆ ಹೇಳಿ. ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಆದರೆ 139.

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಬ್ಯಾಗನ್ನು ನೆನಪು ಮಾಡಿಕೊಳ್ಳಿ. ಅಲ್ಲಿನ ಭದ್ರತೆಯ ಸಿಐಎಸ್‌ಎಫ್‌ನವರಿಗೆ ಸಂಶಯ ಬಂತು, ಜಾಗ ಖಾಲಿ ಮಾಡಿಸಿದರು. ಬಾಂಬ್ ಸ್ಕ್ವಾಡಿನವರು ವಿಶೇಷ ಗಾಡಿಯಲ್ಲಿ ಕೆಂಜಾರಿನ ಬಯಲಿಗೆ ಒಯ್ದು, ಮರಳು ಮೂಟೆಗಳ ನಡುವೆ ಸಂಜೆ ಸಿಡಿಸಿದರು. ಬೆಳಿಗ್ಗೆಯಿಂದ ಸಂಜೆವರೆಗೆ. ಕಲಿತವರಿಗೇ ಅಷ್ಟು ಹೊತ್ತು ಬೇಕಾಯಿತು.

ಕಡಪ್ಪುರದವ, ಮಂಜೇಶ್ವರ · 11:30

ಕಡಲ ಬದಿಯವರದ್ದೂ ಒಂದು ಮಾತು. 2025ರ ಮೇಯಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ದಡಕ್ಕೆ ಬಂದ ಕಂಟೇನರುಗಳಿಂದ 200 ಮೀಟರ್ ದೂರ ಇರಿ ಅಂತ ಸರಕಾರ ಹೇಳಿತ್ತು. ಬಲೆಗೆ ಸಿಕ್ಕುವ ಕೊಳವೆ, ಡ್ರಮ್ಮು, ಹೊಗೆ ಬಿಡುವ ಡಬ್ಬಿಗೂ ಅದೇ ಲೆಕ್ಕ. ದಡದಲ್ಲಿ ಕಂಡರೆ 112 ಅಥವಾ ಕರಾವಳಿ ಪೊಲೀಸರ 1093, ನೀರಿನಲ್ಲಿ ಇರುವಾಗ ಕೋಸ್ಟ್ ಗಾರ್ಡಿನ 1554. ಡ್ರಮ್ಮು ಚೆನ್ನಾಗಿದೆ ನೀರು ತುಂಬಿಸಲು ಆಗ್ತದೆ ಅಂತ ಮನೆಗೆ ತರುವವರು ನಮ್ಮಲ್ಲಿ ಕಡಿಮೆ ಇಲ್ಲ.

ನಿರ್ವಾಹಕ · 11:52

ಇ-ಮೇಲ್ ಬಾಂಬ್ ಬೆದರಿಕೆಗಳ ಬಗ್ಗೆ ಬಂದ ಆರು ಬರಹಗಳನ್ನು ಬೇರೆ ಚರ್ಚೆಗೆ ಹಾಕಿದ್ದೇನೆ. ತಿರುವನಂತಪುರ ಕಲೆಕ್ಟರೇಟಿನಲ್ಲಿ ಬಾಂಬ್ ಹುಡುಕುವಾಗ ಜೇನುನೊಣ ಎದ್ದು ಕಚ್ಚಿದ ಕಥೆಯೂ ಅಲ್ಲಿಗೆ ಹೋಗಿದೆ, ನಗುವವರು ಅಲ್ಲಿ ನಗಿ. ಬೆದರಿಕೆ ಫೋನೋ ಮೇಲೋ ಬಂದರೆ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ಕೇಳಿದ ಮಾತನ್ನು ಹಾಗೆಯೇ ಬರೆದಿಟ್ಟು ಪೊಲೀಸರಿಗೆ ಕೊಡಿ. ಇಲ್ಲಿ ತೋಟದಮನೆಯ ವಿಷಯ ಮಾತ್ರ.

ತೋಟದಮನೆ · ಸಂಜೆ 4:55

ಎಲ್ಲರೂ ಕೇಳುತ್ತಿದ್ದೀರಿ, ಈಗ ಪುರುಸೊತ್ತಾಯಿತು.

ಪೊಲೀಸರು ಹತ್ತು ಗಂಟೆ ಹೊತ್ತಿಗೆ ಬಂದರು. ಹಗ್ಗ, ಹಾಳೆ ನೋಡಿ ಒಬ್ಬರು ನಕ್ಕರು. ಆದರೆ ಅದನ್ನು ಬಿಚ್ಚಲಿಲ್ಲ, ಅದರ ಹಿಂದೆ ತಮ್ಮ ರಿಬ್ಬನ್ನೂ ಕಟ್ಟಿದರು. ದೂರದಿಂದ ನೋಡಿ ಕಾಸರಗೋಡಿಗೆ ಹೇಳಿದರು. ಬಾಂಬ್ ಸ್ಕ್ವಾಡು, ನಾಯಿ, ಎಲ್ಲಾ ಬಂದದ್ದು ಮಧ್ಯಾಹ್ನ. ಮನೆಯ ಬಾಗಿಲು ಕಿಟಕಿ ತೆರೆದಿಡಲು ಹೇಳಿದರು, ಗ್ಯಾಸ್ ಬಂದ್ ಮಾಡಿಸಿದರು. ಮೇಲಿನ ಮನೆಯವರಿಗೂ ಅಂಗಳಕ್ಕೆ ಬರಬೇಡಿ ಅಂದರು.

ಅವರ ನಾಯಿ ಕರಿಯನ ಹಾಗಲ್ಲ ಮಾರಾಯ್ರೇ. ಮೂಸಿತು, ಹಿಂದಕ್ಕೆ ಬಂದು ಸುಮ್ಮನೆ ಕೂತಿತು. ಬಾಲ ಸಹ ಅಲ್ಲಾಡಿಸಲಿಲ್ಲ. ಮೇಲಿನ ಮನೆಯ ಮಗ ಇದನ್ನು ಕದ್ದು ನೋಡಿ ಬಂದು ಹೇಳಿದ್ದು, ಅವನಿಗೆ ಆಮೇಲೆ ಪೊಲೀಸರಿಂದ ಸರಿಯಾಗಿ ಸಿಕ್ಕಿತು.

ಇನ್ನೊಂದು ಸಿಕ್ಕಿತು. ತೋಡಿನ ಆಚೆ, ಪಂಪಿನ ಪೈಪು ಹೋಗುವ ದಾರಿಯಲ್ಲಿ, ಸೋಗೆಯ ಅಡಿಗೆ. ದಿನಾ ಬೆಳಿಗ್ಗೆ ಬರಿಗಾಲಲ್ಲಿ ನಾನು ಆ ಪೈಪಿನ ಬದಿಯಲ್ಲೇ ನಡೆಯುವುದು. ಇವತ್ತು ಕರಿಯ ಮೊದಲನೆಯದ್ದರ ಹತ್ತಿರ ನಿಂತ ಕಾರಣ ನಾನು ಅಲ್ಲಿವರೆಗೆ ಹೋಗಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ಗುಡ್ಡೆಯ ಆಚೆಯಿಂದ ಎರಡು ಸದ್ದು ಕೇಳಿತು. ಅತ್ತೆ ರಾಮ ರಾಮ ಅಂದರು. ದನಗಳು ಕಿವಿ ನೆಟ್ಟಗೆ ಮಾಡಿ ನಿಂತವು. ಅವರು ಎಲ್ಲಿ, ಹೇಗೆ ಮಾಡಿದರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತೋಟ ಪೂರ್ತಿ ನೋಡಿದ್ದೇವೆ, ಇಳಿಯಬಹುದು ಅಂದರು. ಗುಡ್ಡೆ ಪೂರ್ತಿ ನೋಡಲು ಇವತ್ತು ಆಗಲಿಲ್ಲ, ನಾಳೆ ಬರುತ್ತೇವೆ, ದನ ಬಿಡಬೇಡಿ ಅಂದಿದ್ದಾರೆ. ನನ್ನ ಹೇಳಿಕೆ ಬರೆದುಕೊಂಡರು. ಮಲಯಾಳದಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಿದೆ.

ಕೋರೆ ಅಣ್ಣ · 5:10

ಬದುಕಿದೆ ತಂಗಿ ನೀನು. ಆ ನಾಯಿಗೆ ಇವತ್ತು ಒಣಮೀನು ಹಾಕು.

ಕುಂಬಳೆಯವ · 5:32

ಕಾಡುಹಂದಿ ಕಾಟವೂ ಸುಳ್ಳಲ್ಲ, ಅದನ್ನೂ ಹೇಳಬೇಕು. ಮರಗೆಣಸು, ಬಾಳೆ ಒಂದೂ ಉಳಿಯುವುದಿಲ್ಲ. ಆದರೆ 2022ರಿಂದ ಕೇರಳದಲ್ಲಿ ಪಂಚಾಯತು ಅಧ್ಯಕ್ಷರೇ ಹಂದಿ ಕೊಲ್ಲಲು ಅನುಮತಿ ಕೊಡಬಹುದು. ಲೈಸನ್ಸ್ ಕೋವಿ ಇದ್ದವರಿಂದ ಮಾತ್ರ. ಮದ್ದು, ವಿಷ, ಕರೆಂಟು ಕೂಡದು ಅಂತ ಅದರಲ್ಲೇ ಸ್ಪಷ್ಟ ಉಂಟು. ಪಾಲಕ್ಕಾಡಿನಲ್ಲಿ 2020ರಲ್ಲಿ ಗಬ್ಬದ ಆನೆ ಹೊಳೆಯಲ್ಲಿ ನಿಂತೇ ಸತ್ತದ್ದು ಇಂಥದ್ದೇ ಸಿಡಿಮದ್ದಿನಿಂದ. ಇಟ್ಟವ ಬೇರೆ ಯಾವ ಪ್ರಾಣಿಗೋ ಇಟ್ಟದ್ದು ಇರಬಹುದು. ಮದ್ದಿಗೆ ಅದು ಗೊತ್ತಾ?

ತೋಟದಮನೆ · ರಾತ್ರಿ 8:40

ಈಗ ಒಬ್ಬರು ಮನೆಗೆ ಬಂದು ಹೋದರು. ಯಾರು ಅಂತ ಬರೆಯುವುದಿಲ್ಲ. ಕಾಫಿ ಕುಡಿದರು, ಅತ್ತೆಯ ಕಾಲುನೋವು ವಿಚಾರಿಸಿದರು. ಹೊರಡುವಾಗ ಚಪ್ಪಲಿ ಹಾಕುತ್ತಾ ಹೇಳಿದರು, "ಸ್ಟೇಷನ್ನಿಗೆ ಹೋಗುವಷ್ಟು ಎಂತ ಇತ್ತು? ನಮ್ಮೊಳಗೇ ಮುಗಿಸಬಹುದಿತ್ತಲ್ಲ."

ನಾನು ಎಂತದೂ ಹೇಳಲಿಲ್ಲ. ಅತ್ತೆ ಹೇಳಿದರು, "ನನ್ನ ಸೊಸೆಯ ಕಾಲು ಹೋದ ಮೇಲೆ ಯಾರೊಳಗೆ ಮುಗಿಸುವುದು?" ಅವರು ಗೇಟು ಹಾಕದೆ ಹೋದರು.

ನಾಳೆ ಒಂಬತ್ತೂವರೆಗೆ ಸ್ಟೇಷನ್ನಿಗೆ ಬರಲು ಹೇಳಿದ್ದಾರೆ. ಹೋದ ವಾರ ರಾತ್ರಿ ಗುಡ್ಡೆಯಲ್ಲಿ ಟಾರ್ಚ್ ಬೆಳಕು ನೋಡಿದ್ದು ಯಾವತ್ತು ಅಂತ ಸರಿಯಾಗಿ ನೆನಪು ಮಾಡಿಕೊಂಡು ಬರಲು ಹೇಳಿದ್ದಾರೆ. ಹಾಲಿನ ಪುಸ್ತಕ ನೋಡಿ ದಿನ ಹುಡುಕುತ್ತಿದ್ದೇನೆ. ಅವತ್ತು ಸಂಜೆ ಡಿಪೋಗೆ ಹಾಲು ಹಾಕಿರಲಿಲ್ಲ, ಅಷ್ಟು ನೆನಪುಂಟು.

ಹಟ್ಟಿಮನೆ, ಎಣ್ಮಕಜೆ · ರಾತ್ರಿ 9:26

ಅಕ್ಕ, ನಾಳೆ ನಾನೂ ಬರುತ್ತೇನೆ. ನಾಲ್ಕು ವರ್ಷ ಹಳೆಯದ್ದನ್ನು ಅವರು ಬರೆದುಕೊಳ್ಳುತ್ತಾರೋ ಇಲ್ಲವೋ, ಹೇಳಿ ಬರುತ್ತೇನೆ. ಉಂಡೆಯನ್ನು ಪೊದೆಗೆ ದೂಡಿದ ಜಾಗವನ್ನೂ ತೋರಿಸಬೇಕು. ಅದು ಇನ್ನೂ ಅಲ್ಲೇ ಉಂಟೋ ಎಂತದೋ. ಗೌರಿಯ ಫೋಟೋ ಮಗಳ ಫೋನಿನಲ್ಲಿ ಉಂಟು.

ತೋಟದಮನೆ · 9:31

ಬನ್ನಿ ಅಣ್ಣ. ಪೆರ್ಲ ಪೇಟೆಯಲ್ಲಿ ಒಂಬತ್ತಕ್ಕೆ ಸಿಗುವ. ಒಟ್ಟಿಗೆ ಹೋಗುವ.